ಹಳೆಯ ಜೀಪಿನ ಆಕ್ಸಲ್‌ನಲ್ಲಿ ತುಕ್ಕು ಹಿಡಿದು ಕಚ್ಚಿಕೊಂಡ ನಟ್ಟು ಬೋಲ್ಟುಗಳು

(ರೈತರ ತರಬೇತಿ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಪಾಠ)



ಮಲೆನಾಡಿನಲ್ಲಿ ಕಾಫಿ, ಅಡಿಕೆ, ಏಲಕ್ಕಿ ಬೆಳೆಯುವ ಎಷ್ಟೋ ಮನೆಗಳ ಕೊಟ್ಟಿಗೆಯ ಮಗ್ಗುಲಲ್ಲಿ ಇಂದಿಗೂ ಒಂದು ಹಳೆಯ ಜೀಪು ನಿಂತಿರುವುದುಂಟು. ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಮಹೀಂದ್ರ ಕಂಪನಿಯವರು 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಜೋಡಿಸಲು ಪ್ರಾರಂಭಿಸಿದರು. ಅದೇ ಮಾದರಿಯ ಗಾಡಿಗಳು ಮುಂದೆ ಹಲವು ದಶಕಗಳ ಕಾಲ ನಮ್ಮ ದೇಶದಲ್ಲೇ ತಯಾರಾದವು. ನಾಲ್ಕು ಚಕ್ರಗಳಿಗೂ ಎಳೆತವಿರುವುದರಿಂದ ಕೆಸರು, ಏರು, ಹಳ್ಳ ಯಾವುದಕ್ಕೂ ಹಿಂಜರಿಯದೆ ಇವು ತೋಟದೊಳಕ್ಕೆ ಹೋಗಿ ಬರುತ್ತವೆ. ಗೊಬ್ಬರದ ಚೀಲ, ಔಷಧಿಯ ಪೀಪಾಯಿ, ಅಡಿಕೆ ಗೊನೆ, ಸೌದೆ ಎಲ್ಲವನ್ನೂ ಹೊರುತ್ತವೆ. ಮಳೆಗಾಲದ ನಡುರಾತ್ರಿ ಬಸುರಿ ಹೆಂಗಸನ್ನು ಆಸ್ಪತ್ರೆಗೆ ಮುಟ್ಟಿಸಬೇಕಾದಾಗಲೂ ಇದೇ ಗಾಡಿಯೇ ಗತಿ.

ಈ ಜೀಪುಗಳ ರಿಪೇರಿ ಕಷ್ಟವೆನಿಸುವುದು ಎಂಜಿನ್ನಿನಲ್ಲಿ ಅಲ್ಲ. ಎಂಜಿನ್ ಸದಾ ಎಣ್ಣೆಯಲ್ಲಿ ಅದ್ದಿಕೊಂಡಿರುವುದರಿಂದ ಅದರ ಬೋಲ್ಟುಗಳು ಸಾಮಾನ್ಯವಾಗಿ ಸ್ಪ್ಯಾನರಿಗೆ ಬಗ್ಗುತ್ತವೆ. ತೊಂದರೆ ಇರುವುದು ಕೆಳಗೆ, ಆಕ್ಸಲ್ಲಿನಲ್ಲಿ. ಮುರಿದ ಸ್ಪ್ರಿಂಗ್ ಪಟ್ಟೆ ಬದಲಾಯಿಸುವುದು, ಸವೆದ ಬ್ರೇಕ್ ಲೈನಿಂಗ್ ತೆಗೆಯುವುದು, ಸೋರುವ ಆಯಿಲ್ ಸೀಲ್ ಹಾಕುವುದು ಇವೆಲ್ಲ ಅರ್ಧ ದಿನದ ಕೆಲಸಗಳು. ಆದರೆ ಮೊದಲನೆಯ ನಟ್ಟೇ ತಿರುಗದಿದ್ದರೆ ಅರ್ಧ ದಿನ ಮೂರು ದಿನವಾಗುತ್ತದೆ. ಅವಸರದಲ್ಲಿ ಪೈಪು ಹಾಕಿ ತಿರುಚಿದರೆ ಬೋಲ್ಟು ಮುರಿಯುತ್ತದೆ. ಇನ್ನೂ ಅವಸರ ಮಾಡಿದರೆ ಗಾಡಿ ಜಾಕಿನಿಂದ ಜಾರಿ ಕೆಳಗಿದ್ದವರ ಮೇಲೆ ಬೀಳುತ್ತದೆ. ಪಟ್ಟಣದ ವರ್ಕ್‌ಶಾಪು ಇಪ್ಪತ್ತು ಮೂವತ್ತು ಮೈಲಿ ದೂರವಿರುವ ಕಡೆ ಈ ಕೆಲಸವನ್ನು ಬಹುತೇಕ ಮನೆಯವರೇ ಮಾಡಿಕೊಳ್ಳುವುದರಿಂದ ಇದನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು.

ಕಚ್ಚಿಕೊಳ್ಳುವುದು ಏಕೆ?

ನಟ್ಟಿನ ಥ್ರೆಡ್ಡಿಗೂ ಬೋಲ್ಟಿನ ಥ್ರೆಡ್ಡಿಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ. ನೀರು ಈ ಸಂದಿನೊಳಕ್ಕೆ ತಾನಾಗಿಯೇ ಏರಿ ಅಲ್ಲೇ ನಿಲ್ಲುತ್ತದೆ. ಹೊರಗೆ ಬಿಸಿಲು ಕಾದರೂ ಒಳಗೆ ಒಣಗುವುದಿಲ್ಲ. ಅಲ್ಲಿ ಹುಟ್ಟುವ ತುಕ್ಕು, ಅದಕ್ಕಾಗಿ ಕರಗಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಜಾಗ ಸಾಲದೆ ಅದು ನಟ್ಟು ಬೋಲ್ಟುಗಳ ನಡುವೆ ಬೆಣೆ ಹೊಡೆದಂತೆ ಕೂರುತ್ತದೆ. ಕಚ್ಚಿಕೊಂಡ ನಟ್ಟೆಂದರೆ ಅತಿಯಾಗಿ ಬಿಗಿ ಮಾಡಿದ ನಟ್ಟಲ್ಲ, ಒಳಗೆ ಬೆಣೆ ಕೂತ ನಟ್ಟು. ಇದನ್ನು ಮನದಲ್ಲಿಟ್ಟುಕೊಂಡರೆ ಮುಂದೆ ಹೇಳುವ ಕ್ರಮಗಳ ಕಾರಣ ತಾನಾಗಿ ತಿಳಿಯುತ್ತದೆ. ಬೆಣೆಯನ್ನು ಮೊದಲು ಪುಡಿ ಮಾಡಬೇಕು, ನೆನೆಸಬೇಕು, ತಿರುಗಿಸುವುದು ಆಮೇಲೆ.

ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಬೀಳುವ ಆಗುಂಬೆಯಂಥ ಕಡೆ ಬರೀ ನೀರೇ ಸಾಕು. ಆದರೆ ಕೃಷಿಕನ ಜೀಪಿಗೆ ನೀರಿಗಿಂತ ಕೆಟ್ಟ ಶತ್ರುಗಳಿವೆ. ಪೊಟ್ಯಾಷ್ ಗೊಬ್ಬರ ರಾಸಾಯನಿಕವಾಗಿ ಪೊಟ್ಯಾಷಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನ ಬಳಗದ ಲವಣ. ಚೀಲ ಹರಿದು ಉದುರಿದ ಹರಳು ತಳದ ತೂತುಗಳ ಮೂಲಕ ಆಕ್ಸಲ್ ಮೇಲೆ ಬಿದ್ದು ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಹಸಿ ಸಗಣಿ ಗೊಬ್ಬರವೂ ಗಂಜಲವೂ ಇದೇ ಕೆಲಸ ಮಾಡುತ್ತವೆ.

ಮೈಲುತುತ್ತಿನದು ಬೇರೆಯೇ ಕಥೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವ ಅಡಿಕೆ ಬೆಳೆಗಾರರು ಕತ್ತಿಯ ಪರೀಕ್ಷೆಯನ್ನು ಬಲ್ಲರು. ದ್ರಾವಣದಲ್ಲಿ ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ತೆಗೆದಾಗ ಅದರ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದೆಂದು ಅರ್ಥ. ಹೀಗೆ ತಾಮ್ರ ಕೂರುವಾಗ ಅಷ್ಟೇ ಲೆಕ್ಕಕ್ಕೆ ಕತ್ತಿಯ ಕಬ್ಬಿಣ ಕರಗಿ ದ್ರಾವಣಕ್ಕೆ ಹೋಗುತ್ತದೆ. ಮೈಲುತುತ್ತಿನ ನೀರನ್ನು ಕಬ್ಬಿಣದ ಪಾತ್ರೆಯಲ್ಲಿ ಕದಡಬಾರದೆನ್ನುವುದು ಇದೇ ಕಾರಣದಿಂದ. ಪೀಪಾಯಿಯಿಂದ ತುಳುಕಿದ ಮೈಲುತುತ್ತು ಸ್ಪ್ರಿಂಗಿನ ಯು ಬೋಲ್ಟಿನ ಮೇಲೆ ಬಿದ್ದಾಗಲೂ ಇದೇ ನಡೆಯುತ್ತದೆ. ಕತ್ತಿಯನ್ನಾದರೆ ಒರೆಸಿ ಇಡುತ್ತಾರೆ, ಬೋಲ್ಟನ್ನು ಒರೆಸುವವರು ಯಾರು?

ಗಾಡಿಯ ಕೆಳಗೆ ಹೋಗುವ ಮೊದಲು

ವಿಲ್ಲಿಸ್ ಮಾದರಿಯ ಹಳೆಯ ಜೀಪುಗಳಲ್ಲಿ ಬಹಳ ಮಂದಿ ಓಡಿಸುವವರಿಗೇ ತಿಳಿಯದ ಒಂದು ಅಪಾಯವಿದೆ. ಇವುಗಳ ಹ್ಯಾಂಡ್ ಬ್ರೇಕು ಚಕ್ರಗಳನ್ನು ಹಿಡಿಯುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುವ ಒಂದು ಡ್ರಮ್ಮು ಇರುತ್ತದೆ, ಹ್ಯಾಂಡ್ ಬ್ರೇಕು ಬೀಳುವುದು ಅದಕ್ಕೆ. ಎರಡು ಹಿಂಚಕ್ರಗಳೂ ನೆಲದ ಮೇಲಿರುವಾಗ ಇದು ಭದ್ರವಾಗಿಯೇ ಇರುತ್ತದೆ. ಒಂದು ಹಿಂಚಕ್ರವನ್ನು ಜಾಕಿನಿಂದ ಎತ್ತಿದ ಕ್ಷಣ ಡಿಫರೆನ್ಷಿಯಲ್ಲಿನ ಗುಣದಿಂದಾಗಿ ಎತ್ತಿದ ಚಕ್ರ ಒಂದು ಕಡೆಗೂ ನೆಲದ ಮೇಲಿನ ಚಕ್ರ ಇನ್ನೊಂದು ಕಡೆಗೂ ತಿರುಗಬಲ್ಲವು. ಶಾಫ್ಟು ಅಲುಗುವುದಿಲ್ಲ, ಹ್ಯಾಂಡ್ ಬ್ರೇಕು ಬಿಗಿಯಾಗಿಯೇ ಇರುತ್ತದೆ, ಜೀಪು ಮಾತ್ರ ಉರುಳುತ್ತದೆ. ಗೇರಿನಲ್ಲಿ ನಿಲ್ಲಿಸಿದರೂ ಹಿಂಚಕ್ರದ ಎಳೆತವೊಂದೇ ಇದ್ದಲ್ಲಿ ಫಲ ಇಷ್ಟೇ. ಆದುದರಿಂದ ನೆಲದ ಮೇಲೆ ಉಳಿಯುವ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಮರದ ಅಡ್ಡಗಟ್ಟೆ ಕೊಟ್ಟ ನಂತರವೇ ಜಾಕು ಹಾಕಬೇಕು.

ಜಾಕು ಗಾಡಿಯನ್ನು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಎತ್ತಿದ ಮೇಲೆ ಚಾಸಿಯ ಕೆಳಗೆ ಸ್ಟ್ಯಾಂಡು ಇಲ್ಲವೇ ಗಟ್ಟಿ ಮರದ ದಿಮ್ಮಿಗಳನ್ನು ಅಡ್ಡ ಉದ್ದ ಪೇರಿಸಿ ಭಾರವನ್ನು ಅವುಗಳ ಮೇಲೆ ಇಳಿಸಬೇಕು. ಮಲೆನಾಡಿನಲ್ಲಿ ಕೈಗೆ ಸುಲಭವಾಗಿ ಸಿಗುವುದು ಜಂಬಿಟ್ಟಿಗೆ. ಗೋಡೆಗೆ ಅದು ಒಳ್ಳೆಯದು. ಜೀಪಿನ ಕೆಳಗೆ ಖಂಡಿತ ಬೇಡ. ಸುಮಾರು 1 ಟನ್ ತೂಗುವ ಗಾಡಿಯ ಭಾರ ಒಂದು ಅಂಗೈಯಗಲದ ಮೇಲೆ ಬಿದ್ದಾಗ ಜಂಬಿಟ್ಟಿಗೆ ಸೂಚನೆಯನ್ನೇ ಕೊಡದೆ ಪುಡಿಯಾಗುತ್ತದೆ. ಸುಟ್ಟ ಇಟ್ಟಿಗೆಯೂ ಹಾಗೆಯೇ. ಕಚ್ಚಿಕೊಂಡ ನಟ್ಟನ್ನು ಬಿಚ್ಚುವಾಗ ಗಾಡಿಯನ್ನು ಅಡ್ಡಡ್ಡಲಾಗಿ ಎಳೆದಾಡುವುದರಿಂದ ಆಧಾರ ಬರೀ ನಿಲ್ಲುವಷ್ಟಿದ್ದರೆ ಸಾಲದು, ಅಲುಗಾಟವನ್ನೂ ತಾಳಬೇಕು. ಚಕ್ರದ ನಟ್ಟುಗಳನ್ನಂತೂ ಚಕ್ರ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿಕೊಂಡು ಅನಂತರ ಎತ್ತಬೇಕು.

ಯಾವುದನ್ನು ಉಳಿಸಬೇಕು, ಯಾವುದನ್ನು ಕಡಿಯಬಹುದು

ಸ್ಪ್ಯಾನರು ಹಿಡಿಯುವ ಮೊದಲು ಮಾಡಬೇಕಾದ ತೀರ್ಮಾನ ಇದು. ಎಲ್ಲ ಬೋಲ್ಟುಗಳ ಬೆಲೆ ಒಂದೇ ಅಲ್ಲ. ಸ್ಪ್ರಿಂಗನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟುಗಳು ಅಗ್ಗ, ಅಂಗಡಿಯಲ್ಲಿ ಸಿಗುತ್ತವೆ. ಒಮ್ಮೆ ಎಳೆದು ಬಿಗಿದ ಯು ಬೋಲ್ಟನ್ನು ಬಿಚ್ಚಿದ ಮೇಲೆ ಮತ್ತೆ ಹಾಕದಿರುವುದೇ ಕ್ರಮ. ಹೀಗಿರುವಾಗ ಅದರ ನಟ್ಟಿನೊಂದಿಗೆ ಒಂದು ದಿನ ಹೋರಾಡುವುದು ವ್ಯರ್ಥ. ಹ್ಯಾಕ್‌ಸಾ ಗರಗಸದಿಂದ ಕೊಯ್ದು ಹೊಸದು ಹಾಕುವುದೇ ಲಾಭ. ಗೊಬ್ಬರ ಹೊರುವ ಜೀಪಿನಲ್ಲಿ ಇದನ್ನು ಒಂದು ಸೋಲೆಂದು ತಿಳಿಯಬೇಕಾಗಿಲ್ಲ.

ಇದಕ್ಕೆ ವಿರುದ್ಧವಾದುದು ಹಿಂದಿನ ಆಕ್ಸಲ್ ಶಾಫ್ಟಿನ ತುದಿಯ ಥ್ರೆಡ್ಡು. ಅದು ಕೆಟ್ಟರೆ ಇಡೀ ಶಾಫ್ಟನ್ನೇ ಬದಲಿಸಬೇಕು. ಹಳೆಯ ಜೀಪಿನ ಶಾಫ್ಟು ಎಲ್ಲ ಊರುಗಳಲ್ಲಿ ಸಿಗುವ ವಸ್ತುವಲ್ಲ. ಚಕ್ರದ ಸ್ಟಡ್ಡುಗಳು, ಮುಂದಿನ ಹಬ್ಬಿನ ಸಣ್ಣ ಬೋಲ್ಟುಗಳು, ಶ್ಯಾಕಲ್‌ನ ಬುಷ್ಷುಗಳು ಇವೆರಡರ ನಡುವೆ ಬರುತ್ತವೆ. ಹಬ್ಬಿನ ಸಣ್ಣ ಬೋಲ್ಟು ಅಗ್ಗವೇ ಆದರೂ ಅದು ಮುರಿದು ಅರ್ಧ ಒಳಗೆ ಉಳಿದರೆ ಹೊರಗೆ ತೆಗೆಯುವ ಖರ್ಚು ಅಗ್ಗವಲ್ಲ. ತಾಳ್ಮೆಯನ್ನು ಇಂಥವುಗಳಿಗಾಗಿ ಮೀಸಲಿಡಬೇಕು.

ಯಾವ ಕಡೆಗೆ ತಿರುಗಿಸಬೇಕು?

ಇದೆಂಥ ಪ್ರಶ್ನೆ ಎನಿಸಬಹುದು. ಆದರೆ ಹಳೆಯ ಜೀಪುಗಳಲ್ಲಿ ಮುರಿದ ಚಕ್ರದ ಸ್ಟಡ್ಡುಗಳಲ್ಲಿ ಎಷ್ಟೋ ತುಕ್ಕಿನಿಂದ ಮುರಿದವಲ್ಲ, ಬಿಚ್ಚುತ್ತಿದ್ದೇವೆಂದು ತಿಳಿದು ಬಿಗಿ ಮಾಡಿದ್ದರಿಂದ ಮುರಿದವು. ವಿಲ್ಲಿಸ್ ಮಾದರಿಯ ಜೀಪುಗಳ ಎಡಗಡೆಯ ಚಕ್ರಗಳಲ್ಲಿ ಎಡ ಥ್ರೆಡ್ಡಿನ ಸ್ಟಡ್ಡುಗಳಿರುತ್ತವೆ. ಚಕ್ರ ಮುಂದಕ್ಕೆ ಉರುಳುವಾಗ ಆ ಕಡೆಯ ನಟ್ಟು ತಾನಾಗಿ ಸಡಿಲವಾಗಬಾರದೆಂಬ ಮುಂಜಾಗ್ರತೆ ಇದು. ಇವನ್ನು ಬಿಚ್ಚಲು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಬೇಕು. ಸ್ಟಡ್ಡಿನ ತುದಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿದರೆ ಇಂಗ್ಲಿಷಿನ ಎಲ್ ಅಕ್ಷರ ಒತ್ತಿರುವುದು ಸಾಮಾನ್ಯವಾಗಿ ಕಾಣುತ್ತದೆ. ಆದರೆ ಐವತ್ತು ವರ್ಷದ ಗಾಡಿಯಲ್ಲಿ ಯಾವ ಸ್ಟಡ್ಡನ್ನು ಯಾರು ಬದಲಾಯಿಸಿರುತ್ತಾರೋ ಹೇಳಲಾಗದು. ಒಂದೇ ಚಕ್ರದಲ್ಲಿ ಎರಡೂ ಜಾತಿ ಇದ್ದರೂ ಆಶ್ಚರ್ಯಪಡಬೇಕಾಗಿಲ್ಲ. ಅಕ್ಷರ ಕಾಣದಿದ್ದರೆ ನಟ್ಟಿನಿಂದ ಹೊರಗೆ ಚಾಚಿದ ಥ್ರೆಡ್ಡನ್ನೇ ನೋಡಬೇಕು. ಬೋಲ್ಟನ್ನು ನೆಟ್ಟಗೆ ನಿಲ್ಲಿಸಿ ನೋಡಿದಂತೆ ಭಾವಿಸಿದಾಗ ಕಣ್ಣೆದುರಿನ ಸುತ್ತುಗಳು ಬಲಕ್ಕೆ ಏರುತ್ತಿದ್ದರೆ ಅದು ಮಾಮೂಲು ಬಲ ಥ್ರೆಡ್ಡು, ಎಡಕ್ಕೆ ಏರುತ್ತಿದ್ದರೆ ಎಡ ಥ್ರೆಡ್ಡು.

ಈ ಜೀಪುಗಳ ಹಳೆಯ ಮಾದರಿಗಳಲ್ಲಿ ಸ್ಪ್ರಿಂಗಿನ ಶ್ಯಾಕಲ್‌ಗೂ ಥ್ರೆಡ್ಡಿನ ಬುಷ್ಷುಗಳಿರುತ್ತವೆ. ಅವುಗಳಲ್ಲಿಯೂ ಕೆಲವು ಎಡ ಥ್ರೆಡ್ಡಿನವು. ಬುಷ್ಷಿನ ಆರುಮೂಲೆಯ ತಲೆಯ ಸುತ್ತ ಒಂದು ಗೀರು ಕೊರೆದಿದ್ದರೆ ಅದು ಎಡ ಥ್ರೆಡ್ಡು, ತಲೆ ಬೋಳಾಗಿದ್ದರೆ ಬಲ ಥ್ರೆಡ್ಡು. ಕೆಸರು ಮೆತ್ತಿಕೊಂಡಾಗ ಈ ಗೀರು ಕಾಣುವುದೇ ಇಲ್ಲವಾದ್ದರಿಂದ ಮೊದಲು ಕೆರೆದು ತೊಳೆಯಬೇಕು.

ಸ್ಪ್ಯಾನರಿನ ಆಯ್ಕೆ

ಈ ಜೀಪುಗಳ ಬೋಲ್ಟುಗಳು ಅಂಗುಲದ ಅಳತೆಯವು. ಮನೆಯಲ್ಲಿ ಈಗ ಇರುವುದು ಹೆಚ್ಚಾಗಿ ಮಿಲಿಮೀಟರ್ ಸ್ಪ್ಯಾನರುಗಳು. ಮುಕ್ಕಾಲು ಅಂಗುಲದ ನಟ್ಟೆಂದರೆ 19.05 ಮಿ.ಮೀ., ಅದಕ್ಕೆ 19ರ ಸ್ಪ್ಯಾನರು ನಡೆಯುತ್ತದೆ. ಆದರೆ 9/16 ಅಂಗುಲದ ನಟ್ಟು 14.29 ಮಿ.ಮೀ. ಇದ್ದು 14ರ ಸ್ಪ್ಯಾನರು ಅದಕ್ಕೆ ಹಿಡಿಸುವುದಿಲ್ಲ, 15ರದು ಸಡಿಲವಾಗುತ್ತದೆ. ಹಾಗೆಯೇ 11/16 ಅಂಗುಲವೆಂದರೆ 17.46 ಮಿ.ಮೀ., ಅದಕ್ಕೆ 18ರ ಸ್ಪ್ಯಾನರು ಹಾಕಿ ಎಳೆದರೆ ನಟ್ಟಿನ ಮೂಲೆಗಳು ಸವೆದು ದುಂಡಗಾಗುತ್ತವೆ. ಸಡಿಲ ಸ್ಪ್ಯಾನರು ಸಾಧಾರಣ ನಟ್ಟಿಗೆ ನಡೆದೀತು. ಕಚ್ಚಿಕೊಂಡ ನಟ್ಟಿಗೆ ಮೊದಲ ಎಳೆತದಲ್ಲೇ ಎಲ್ಲವೂ ಮುಗಿದು ಹೋಗುತ್ತದೆ. ಅಂಗುಲದ ನಾಲ್ಕೈದು ಒಳ್ಳೆಯ ರಿಂಗ್ ಸ್ಪ್ಯಾನರುಗಳನ್ನು ಕೊಂಡಿಡುವುದು ಅತಿ ಖರ್ಚೇನಲ್ಲ. ಬಾಯಿ ತೆರೆದ ಸ್ಪ್ಯಾನರು ನಟ್ಟಿನ ಎರಡೇ ಮುಖಗಳನ್ನು ಹಿಡಿಯುವುದರಿಂದ ಈ ಕೆಲಸಕ್ಕೆ ಬೇಡ. ಆರು ಮೂಲೆಯ ಸಾಕೆಟ್ ಎಲ್ಲಕ್ಕಿಂತ ಉತ್ತಮ.

ಎಣ್ಣೆ ಮತ್ತು ಕಾಲ

ನಟ್ಟಿನ ಸುತ್ತಲಿನ ಕೆಸರು, ಬಣ್ಣ, ಸಡಿಲ ತುಕ್ಕು ಎಲ್ಲವನ್ನೂ ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಹೊರಗೆ ಚಾಚಿದ ಥ್ರೆಡ್ಡು ತುಕ್ಕಿನಿಂದ ತುಂಬಿದ್ದರೆ ನಟ್ಟು ಒಳಗೆ ಸಡಿಲವಾದರೂ ಹೊರಗೆ ಬರುವಾಗ ಮತ್ತೆ ಕಚ್ಚಿಕೊಳ್ಳುತ್ತದೆ. ಅಂಗಡಿಯಲ್ಲಿ ಸಿಗುವ ತುಕ್ಕು ಬಿಡಿಸುವ ತೆಳು ಎಣ್ಣೆ ಇದ್ದರೆ ಅದನ್ನೇ ಬಳಸಬಹುದು. ಇಲ್ಲವಾದರೆ ಸೀಮೆ ಎಣ್ಣೆಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ ಹಾಕುವುದು ಹಿಂದಿನಿಂದ ಬಂದ ಪದ್ಧತಿ. ಸೀಮೆ ಎಣ್ಣೆ ಮೊದಲಿನಂತೆ ಸುಲಭವಾಗಿ ಸಿಗದ ಕಡೆ ಡೀಸೆಲ್ ಆದೀತು. ಬರೀ ಗಟ್ಟಿ ಎಣ್ಣೆಯಿಂದ ಪ್ರಯೋಜನವಿಲ್ಲ, ಅದು ಸಂದಿನೊಳಕ್ಕೆ ಇಳಿಯುವುದಿಲ್ಲ.

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಹೀಗೆ ಎರಡು ಮೂರು ದಿನ ಎಣ್ಣೆ ಬಿಡಬೇಕು. ಪ್ರತಿ ಸಲವೂ ಎಣ್ಣೆ ಬಿಟ್ಟ ನಂತರ ನಟ್ಟಿನ ಮುಖಗಳ ಮೇಲೆ ಸುತ್ತಿಗೆಯಿಂದ ಹತ್ತಿಪ್ಪತ್ತು ಪೆಟ್ಟು ಚುರುಕಾಗಿ ಹಾಕಬೇಕು. ಜೋರು ಪೆಟ್ಟಲ್ಲ, ನಡುಕ ಹುಟ್ಟಿಸುವ ಪೆಟ್ಟು. ತುಕ್ಕು ಗಾಜಿನಂತೆ ಪೆಡಸು. ನಡುಕಕ್ಕೆ ಬಿರಿಯುತ್ತದೆ, ಬಿರುಕಿನಲ್ಲಿ ಎಣ್ಣೆ ಇಳಿಯುತ್ತದೆ. ಬೋಲ್ಟಿನ ಥ್ರೆಡ್ಡಿನ ತುದಿಗೆ ಮಾತ್ರ ಎಂದೂ ನೇರವಾಗಿ ಹೊಡೆಯಬಾರದು. ತುದಿ ಅಣಬೆಯಂತೆ ಅರಳಿದರೆ ನಟ್ಟು ಹೊರಬರುವ ದಾರಿಯೇ ಮುಚ್ಚಿಹೋಗುತ್ತದೆ.

ಈ ಎರಡು ಮೂರು ದಿನಗಳೇ ಜನರಿಗೆ ಒಗ್ಗದ ವಿಷಯ. ಗಾಡಿ ತಂದ ಯಜಮಾನ ಮೇಸ್ತ್ರಿಯ ಎದುರು ನಿಂತು, “ಇವತ್ತೇ ಬಿಚ್ಚಿಕೊಡು ಮಾರಾಯ, ನಾಳೆ ಔಷಧಿ ಹೊಡೆಯೋರು ಬರ್ತಾರೆ” ಎನ್ನುವುದು ಸಾಮಾನ್ಯ. ಅನುಭವಿಯಾದ ಮೇಸ್ತ್ರಿ, “ಇವತ್ತು ಎಣ್ಣೆ ಬಿಡ್ತೀನಿ ಗೌಡ್ರೆ, ನಾಡಿದ್ದು ಬಿಚ್ಚುವಾ. ಇವತ್ತೇ ಆಗ್ಬೇಕು ಅಂದ್ರೆ ಇವತ್ತೇ ಮುರಿಯುತ್ತೆ” ಎಂದು ಹೇಳಿ ಕಳಿಸುತ್ತಾನೆ. ಅವನು ಸೋಮಾರಿಯಲ್ಲ. ಮುಂಗಾರು ಹಿಡಿಯುವ ಮುನ್ನಾ ದಿನ ಗಾಡಿಯನ್ನು ಬಿಚ್ಚಲು ಹೊರಡುವುದೇ ತಪ್ಪು. ಬೇಸಿಗೆಯಲ್ಲಿ, ಗಾಡಿಗೆ ಬಿಡುವಿರುವಾಗ ಎಣ್ಣೆ ಬಿಡಲು ಶುರುಮಾಡಿದರೆ ಮೂರು ದಿನ ಕಾಯುವುದು ಯಾರಿಗೂ ಭಾರವಾಗದು. ಗಾಡಿಯನ್ನು ನಿಲ್ಲಿಸಿಯೇ ಇಡಬೇಕಾಗಿಯೂ ಇಲ್ಲ. ಎಣ್ಣೆ ಬಿಟ್ಟ ಗಾಡಿ ದಿನವೂ ತೋಟಕ್ಕೆ ಹೋಗಿ ಬಂದರೆ ಆ ಕುಲುಕಾಟವೂ ಎಣ್ಣೆಗೆ ಸಹಾಯ ಮಾಡುತ್ತದೆ. ಬ್ರೇಕ್ ಲೈನಿಂಗಿಗೂ ಡ್ರಮ್ಮಿಗೂ ಎಣ್ಣೆ ತಾಗದಂತೆ ಮಾತ್ರ ನೋಡಿಕೊಳ್ಳಬೇಕು.

ಮೊದಲ ಅಲುಗಾಟ

ಬಿಚ್ಚುವ ದಿನ ಮೊದಲ ಎಳೆತ ಬಿಚ್ಚುವ ಕಡೆಗಲ್ಲ, ಬಿಗಿಯುವ ಕಡೆಗೆ. ಅದೂ ಕೂದಲೆಳೆಯಷ್ಟು ಮಾತ್ರ. ತುಕ್ಕಿನ ಹಿಡಿತ ಒಂದು ಕಡೆಗೆ ತಪ್ಪಿದರೆ ಇನ್ನೊಂದು ಕಡೆಗೂ ತಪ್ಪುತ್ತದೆ. ‘ಟಕ್’ ಎಂಬ ಸದ್ದು ಬಂದರೆ ಅರ್ಧ ಗೆದ್ದಂತೆ. ಅನಂತರ ಬಿಚ್ಚುವ ಕಡೆಗೆ ಕಾಲು ಸುತ್ತು, ಮತ್ತೆ ಹಿಂದಕ್ಕೆ ಸ್ವಲ್ಪ, ಎಣ್ಣೆ, ಮತ್ತೆ ಕಾಲು ಸುತ್ತು. ಒಮ್ಮೆ ಅಲುಗಿತೆಂಬ ಸಂತೋಷದಲ್ಲಿ ಒಂದೇ ಸಮನೆ ಹೊರಕ್ಕೆ ಎಳೆದರೆ ಪುಡಿಯಾದ ತುಕ್ಕು ಥ್ರೆಡ್ಡಿನಲ್ಲಿ ಒತ್ತಿ ನಟ್ಟು ನಡುದಾರಿಯಲ್ಲಿ ಮತ್ತೆ ಸಿಕ್ಕಿಕೊಳ್ಳುತ್ತದೆ, ಈ ಸಲ ಮೊದಲಿಗಿಂತ ಬಿಗಿಯಾಗಿ.

ಕೈಯ ಅರಿವು ಇಲ್ಲಿ ಬಹು ಮುಖ್ಯ. ಕೀರಲು ಸದ್ದು ಮಾಡುತ್ತ ಗಡುಸಾಗಿ ತಿರುಗುವ ನಟ್ಟು ಬಿಚ್ಚಿಕೊಳ್ಳುತ್ತಿದೆ. ಸದ್ದಿಲ್ಲದೆ ರಬ್ಬರಿನಂತೆ ಮೆತ್ತಗೆ ಬಗ್ಗುತ್ತಿದ್ದರೆ ತಿರುಗುತ್ತಿರುವುದು ನಟ್ಟಲ್ಲ, ಬೋಲ್ಟೇ ತಿರುಚಿಕೊಳ್ಳುತ್ತಿದೆ. ಆ ಕ್ಷಣವೇ ಕೈ ಬಿಡಬೇಕು. ಇನ್ನೊಂದು ಕಾಲು ಸುತ್ತಿಗೆ ಅದು ಮುರಿಯುತ್ತದೆ.

ಸ್ಪ್ಯಾನರಿಗೆ ಪೈಪು ಸಿಕ್ಕಿಸುವ ಅಭ್ಯಾಸದ ಬಗೆಗೆ ಒಂದು ಲೆಕ್ಕ ಹೇಳಬಹುದು. ಒಂದು ಅಡಿ ಉದ್ದದ ಸ್ಪ್ಯಾನರಿನ ತುದಿಯನ್ನು ಒಬ್ಬಾತ 30 ಕಿ.ಗ್ರಾಂ ಬಲದಿಂದ ಎಳೆದಾಗ ನಟ್ಟಿನ ಮೇಲೆ ಬೀಳುವ ತಿರುಚು ಬಲ 30 ಕಿಲೊ-ಅಡಿ. ನಾಲ್ಕಡಿ ಪೈಪು ಹಾಕಿದರೆ ಅದೇ ಕೈ, ಅದೇ ಎಳೆತಕ್ಕೆ 120 ಕಿಲೊ-ಅಡಿ ಆಗುತ್ತದೆ. ಅರ್ಧ ಅಂಗುಲದ ಬೋಲ್ಟನ್ನು ಮುರಿಯಲು ಇಷ್ಟು ಧಾರಾಳ. ಆದುದರಿಂದ ಉದ್ದದ ಪೈಪನ್ನು ದಪ್ಪನೆಯ ಆಕ್ಸಲ್ ನಟ್ಟಿಗೆ ಮಾತ್ರ ಬಳಸಬೇಕು, ಸಣ್ಣ ಬೋಲ್ಟುಗಳ ಬಳಿಗೆ ಅದನ್ನು ತರಲೇಬಾರದು. ಗಾಡಿಯ ಕೆಳಗೆ ಮಲಗಿಕೊಂಡು ಪೈಪು ಎಳೆಯುವುದೂ ಬೇಡ. ಸ್ಪ್ಯಾನರು ಜಾರಿದರೆ ಅದು ಬಂದು ಬೀಳುವುದು ಮುಖದ ಮೇಲೆ.

ಕಾಯಿಸಿ ಬಿಡಿಸುವುದು

ಎತ್ತಿನ ಗಾಡಿಯ ಚಕ್ರಕ್ಕೆ ಹಳಿ ಹಾಕುವುದನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕಾದ ಹಳಿ ಹಿಗ್ಗುತ್ತದೆ, ಚಕ್ರದ ಮೇಲೆ ಕೂತು ಆರಿದಾಗ ಕುಗ್ಗಿ ಬಿಗಿಯುತ್ತದೆ. ನಟ್ಟನ್ನು ಬಿಡಿಸುವಾಗ ಹಳಿಯ ಜಾಗದಲ್ಲಿ ನಟ್ಟು ಇದೆ ಎಂದುಕೊಳ್ಳಬೇಕು. ಉಕ್ಕು ಪ್ರತಿ ಡಿಗ್ರಿ ಸೆಂಟಿಗ್ರೇಡ್ ಶಾಖಕ್ಕೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. ಅರ್ಧ ಅಂಗುಲದ ನಟ್ಟು ಬೋಲ್ಟಿಗಿಂತ 300 ಡಿಗ್ರಿ ಹೆಚ್ಚು ಕಾದರೆ ಅದರ ಒಳಗಿನ ಅಗಲ ಸುಮಾರು 0.045 ಮಿ.ಮೀ. ಹೆಚ್ಚುತ್ತದೆ. ಇದು ಅತ್ಯಲ್ಪವೆಂದು ಕಂಡರೂ ತುಕ್ಕಿನ ಬೆಣೆಯನ್ನು ಒಡೆಯಲು ಸಾಕು. ಕಾಯಬೇಕಾದುದು ನಟ್ಟು, ಬೋಲ್ಟಲ್ಲ. ಬೆಂಕಿಯನ್ನು ನಟ್ಟಿನ ಮುಖಗಳ ಮೇಲೆ ಚುರುಕಾಗಿ ಹಾಯಿಸಿ, ಶಾಖ ಬೋಲ್ಟಿಗೆ ಇಳಿಯುವ ಮೊದಲೇ ಸ್ಪ್ಯಾನರು ಹಾಕಬೇಕು. ಆಗಲೂ ಬಿಡದಿದ್ದರೆ ಆರಲು ಬಿಟ್ಟು ಎರಡು ಮೂರು ಸಲ ಹೀಗೆಯೇ ಮಾಡಬಹುದು. ಬಿಸಿ ನಟ್ಟಿನ ಅಂಚಿಗೆ ಮೇಣದ ಬತ್ತಿ ಒತ್ತಿದರೆ ಕರಗಿದ ಮೇಣ ಥ್ರೆಡ್ಡಿನೊಳಕ್ಕೆ ಎಳೆದುಕೊಂಡು ಜಾರುವಿಕೆ ಕೊಡುತ್ತದೆ. ಇದು ಮೇಸ್ತ್ರಿಗಳ ಹಳೆಯ ಉಪಾಯ, ಕೆಲಸ ಮಾಡುತ್ತದೆ.

ಆದರೆ ಬೆಂಕಿಗೆ ಮುಂಚೆ ಯೋಚಿಸಬೇಕಾದುದು ಬಹಳವಿದೆ. ಈ ಜೀಪುಗಳ ಪೆಟ್ರೋಲ್ ಟ್ಯಾಂಕು ಚಾಲಕನ ಸೀಟಿನ ಕೆಳಗೇ ಇರುತ್ತದೆ. ಅದರ ಹತ್ತಿರದ ಯಾವ ನಟ್ಟಿಗೂ ಬೆಂಕಿ ಬೇಡ. ಮೂರು ದಿನ ಬಿಟ್ಟ ಸೀಮೆ ಎಣ್ಣೆಯೂ ಡೀಸೆಲ್ಲೂ ನಟ್ಟಿನ ಸುತ್ತ ನೆನೆದಿರುತ್ತವೆ, ಚೆನ್ನಾಗಿ ಒರೆಸಬೇಕು. ಒಂದು ಪೀಪಾಯಿ ಮರಳೂ ಒಂದು ಒದ್ದೆ ಗೋಣಿಯೂ ಕೈಗೆಟಕುವಂತಿರಬೇಕು. ಬ್ರೇಕಿನ ರಬ್ಬರ್ ಹೋಸು, ಆಯಿಲ್ ಸೀಲು, ಗ್ರೀಸು ತುಂಬಿದ ಬೇರಿಂಗು ಇವುಗಳ ಪಕ್ಕದಲ್ಲಿ ಬೆಂಕಿ ಹಿಡಿಯಬಾರದು. ಸ್ಪ್ರಿಂಗ್ ಪಟ್ಟೆಯನ್ನೂ ಆಕ್ಸಲ್ ಶಾಫ್ಟನ್ನೂ ಎಂದಿಗೂ ಕಾಯಿಸಬಾರದು. ಅವುಗಳಿಗೆ ಕಾರ್ಖಾನೆಯಲ್ಲಿ ಕೊಟ್ಟ ಹದ ಹೋಗುತ್ತದೆ. ಹದ ಹೋದ ಕುಡುಗೋಲು ಬಾಗುವಂತೆ ಪಟ್ಟೆಯೂ ಬಾಗುತ್ತದೆ, ಶಾಫ್ಟು ಮುಂದೊಂದು ದಿನ ಘಾಟಿಯಲ್ಲಿ ಮುರಿಯುತ್ತದೆ. ಬ್ರೇಕು ತೊಳೆಯುವ ಸ್ಪ್ರೇ ಬಳಸಿದ ಜಾಗವನ್ನೂ ಕಾಯಿಸಬಾರದು. ಅಂಥ ಕೆಲವು ದ್ರಾವಣಗಳಲ್ಲಿ ಕ್ಲೋರಿನ್ ಇದ್ದು ಬೆಂಕಿ ತಗುಲಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ.

ಹಿಂದಿನ ಹಬ್ಬು

ಹಳೆಯ ಜೀಪುಗಳ ಅನೇಕ ಮಾದರಿಗಳಲ್ಲಿ ಹಿಂದಿನ ಆಕ್ಸಲ್ ಶಾಫ್ಟಿನ ತುದಿ ಮೊನೆಯ ಕಡೆಗೆ ಸಣ್ಣಗಾಗುತ್ತ ಹೋಗಿರುತ್ತದೆ. ಹಬ್ಬು ಆ ಇಳುಕಲಿನ ಮೇಲೆ ಒಂದು ಕೀಲಿಯೊಂದಿಗೆ ಕೂತು, ದೊಡ್ಡ ನಟ್ಟಿನಿಂದ ಬಿಗಿಯಾಗಿರುತ್ತದೆ. ಗಾಡಿಯ ಇರುಸಿಗೆ ಕಡಾಣಿ ಹೇಗೋ ಈ ನಟ್ಟಿಗೆ ಸ್ಪ್ಲಿಟ್ ಪಿನ್ನು ಹಾಗೆ. ಪಿನ್ನನ್ನು ಮೊದಲು ಪೂರ್ತಿಯಾಗಿ ತೆಗೆಯಬೇಕು. ಒಳಗೆ ಮುರಿದು ಉಳಿದ ತುಂಡಿನ ಮೇಲೆ ನಟ್ಟು ತಿರುಗಿಸಿದರೆ ಬೆಲೆಬಾಳುವ ಥ್ರೆಡ್ಡು ಕಿತ್ತುಹೋಗುತ್ತದೆ. ನಟ್ಟನ್ನು ಗಾಡಿ ನೆಲದ ಮೇಲಿರುವಾಗಲೇ, ಒಬ್ಬರು ಕಾಲಿನ ಬ್ರೇಕನ್ನು ಒತ್ತಿ ಹಿಡಿದಿರುವಾಗ ಸಡಿಲಿಸಿಕೊಳ್ಳಬೇಕು.

ನಟ್ಟು ಬಂದರೂ ಹಬ್ಬು ಬರುವುದಿಲ್ಲ. ವರ್ಷಗಟ್ಟಲೆ ಇಳುಕಲಿನ ಮೇಲೆ ಒತ್ತಿ ಕೂತ ಹಬ್ಬಿಗೆ ಪುಲ್ಲರ್ ಬೇಕೇ ಬೇಕು. ಪುಲ್ಲರನ್ನು ಚಕ್ರದ ಸ್ಟಡ್ಡುಗಳಿಗೆ ಬಿಗಿದು ನಡುವಿನ ತಿರುಪನ್ನು ಶಾಫ್ಟಿನ ತುದಿಗೆ ಒತ್ತಿ, ಒಂದು ರಾತ್ರಿ ಹಾಗೆಯೇ ಬಿಡುವುದೂ ಉಂಟು. ಬೆಳಿಗ್ಗೆ ನೋಡಿದರೆ ಎಷ್ಟೋ ಸಲ ಹಬ್ಬು ತಾನಾಗಿ ಬಿಟ್ಟುಕೊಂಡಿರುತ್ತದೆ. ಈ ಬಿಡುವಿಕೆ ತುಪಾಕಿ ಹೊಡೆದಂತೆ ಒಮ್ಮೆಲೇ ಆಗುತ್ತದೆ. ಆದುದರಿಂದ ಆಕ್ಸಲ್ ನಟ್ಟನ್ನು ಪೂರ್ತಿ ತೆಗೆಯದೆ ಎರಡು ಮೂರು ಸುತ್ತು ಥ್ರೆಡ್ಡಿನ ಮೇಲೆ ಉಳಿಸಿರಬೇಕು. ಹಬ್ಬೂ ಡ್ರಮ್ಮೂ ಪುಲ್ಲರೂ ಸೇರಿ ಹಾರಿ ಮೊಣಕಾಲಿಗೆ ಬಡಿಯುವುದನ್ನು ಆ ನಟ್ಟು ತಡೆಯುತ್ತದೆ. ಪುಲ್ಲರ್ ಇಲ್ಲದವರು ಶಾಫ್ಟಿನ ತುದಿಗೆ ದೊಡ್ಡ ಸುತ್ತಿಗೆಯಿಂದ ಹೊಡೆಯುವುದುಂಟು. ಆ ಪೆಟ್ಟು ಥ್ರೆಡ್ಡನ್ನು ಕೆಡಿಸುವುದಲ್ಲದೆ ಒಳಗಿನ ಬೇರಿಂಗಿಗೂ ಡಿಫರೆನ್ಷಿಯಲ್ಲಿಗೂ ಹೋಗಿ ತಾಗುತ್ತದೆ. ನಟ್ಟು ಸಡಿಲಿಸಿ ಗಾಡಿಯನ್ನು ಸುತ್ತಾಡಿಸಿದರೆ ಹಬ್ಬು ಬಿಡುತ್ತದೆಂಬ ಮಾತೂ ಚಾಲ್ತಿಯಲ್ಲಿದೆ. ಬಿಟ್ಟಾಗ ಕೀಲಿ ಕತ್ತರಿಸಿ ಚಕ್ರವೇ ಸ್ವತಂತ್ರವಾಗುವ ಸಂಭವವೂ ಅದರಲ್ಲಿದೆ. ಪುಲ್ಲರನ್ನು ಬಾಡಿಗೆಗೆ ತರುವುದು ಮೇಲು. ನಾಲ್ಕೈದು ಜನ ಜೀಪಿನವರು ಸೇರಿ ಒಂದು ಕೊಂಡರೆ ಇನ್ನೂ ಮೇಲು.

ಕಡಿಯುವುದು, ಮುರಿದುದನ್ನು ತೆಗೆಯುವುದು

ಮೂಲೆ ಸವೆದು ದುಂಡಗಾದ ನಟ್ಟನ್ನು ಚಾಣದಿಂದ ಸೀಳಬಹುದು. ನಟ್ಟಿನ ಒಂದು ಮುಖದಲ್ಲಿ ಬೋಲ್ಟಿಗೆ ಸಮಾನಾಂತರವಾಗಿ ಗರಗಸದಿಂದ ಥ್ರೆಡ್ಡು ಮುಟ್ಟುವ ಮುಂಚಿನವರೆಗೆ ಕೊಯ್ದು, ಆ ಗೀರಿನಲ್ಲಿ ಚಾಣವಿಟ್ಟು ಹೊಡೆದರೆ ನಟ್ಟು ಬಾಯಿ ಬಿಡುತ್ತದೆ, ಬೋಲ್ಟು ಉಳಿಯುತ್ತದೆ. ಹೊಡೆಯುವಾಗ ಎದುರು ಮುಖಕ್ಕೆ ಭಾರವಾದ ಕಬ್ಬಿಣದ ಆನಿಕೆ ಕೊಡಬೇಕು. ಕಣ್ಣಿಗೆ ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು.

ಬೋಲ್ಟು ಮುರಿದು ಒಳಗೇ ಉಳಿದರೆ, ಸ್ವಲ್ಪ ಹೊರಗೆ ಚಾಚಿರುವ ತುಂಡಿಗೆ ಹೊಸ ನಟ್ಟೊಂದನ್ನು ಇಟ್ಟು ಒಳಗಿನಿಂದ ವೆಲ್ಡಿಂಗ್ ಮಾಡಿಸುವುದು ಉತ್ತಮ. ವೆಲ್ಡಿಂಗಿನ ಶಾಖದಿಂದ ತುಕ್ಕಿನ ಹಿಡಿತ ತಪ್ಪುತ್ತದೆ, ಹಿಡಿಯಲು ಹೊಸ ತಲೆಯೂ ಸಿಗುತ್ತದೆ. ವೆಲ್ಡಿಂಗಿಗೆ ಮುಂಚೆ ಬ್ಯಾಟರಿಯ ತಂತಿ ಕಳಚಬೇಕು. ಅರ್ತ್ ತಂತಿಯನ್ನು ಕೆಲಸದ ಜಾಗದ ಪಕ್ಕದಲ್ಲೇ ಹಿಡಿಸಬೇಕು. ದೂರದಲ್ಲಿ ಹಿಡಿಸಿದರೆ ವಿದ್ಯುತ್ತು ಬೇರಿಂಗಿನ ಗುಂಡುಗಳ ಮೂಲಕ ಹಾದು ಅವುಗಳ ಮೇಲೆ ಗುಳಿ ಬೀಳುತ್ತದೆ. ತುಂಡು ಮಟ್ಟಸವಾಗಿ ಮುರಿದಿದ್ದರೆ ಸರಿಯಾಗಿ ನಡುವೆ ಪಂಚ್ ಹೊಡೆದು ಡ್ರಿಲ್ ಮಾಡಬೇಕಾಗುತ್ತದೆ. ನಡು ತಪ್ಪಿದ ಡ್ರಿಲ್ಲು ಹಬ್ಬಿನ ಥ್ರೆಡ್ಡನ್ನೇ ತಿನ್ನುವುದರಿಂದ ಈ ಕೆಲಸವನ್ನು ಲೇತ್ ವರ್ಕ್‌ಶಾಪಿಗೆ ಬಿಡುವುದು ಲೇಸು. ಹಬ್ಬನ್ನು ಬಿಚ್ಚಿಕೊಂಡು ಬಸ್ಸಿನಲ್ಲಿ ಒಯ್ದರೂ ಆಯಿತು.

ಮತ್ತೆ ಜೋಡಿಸುವಾಗ

ಉಳಿದ ಥ್ರೆಡ್ಡುಗಳನ್ನು ತಂತಿ ಬ್ರಷ್ಷಿನಿಂದ ಹೊಳೆಯುವಂತೆ ಉಜ್ಜಿ, ನಟ್ಟು ಬರೀ ಬೆರಳಿನಿಂದ ಓಡುತ್ತದೆಯೇ ಎಂದು ನೋಡಬೇಕು. ಯು ಬೋಲ್ಟು, ಶ್ಯಾಕಲ್ ಮುಂತಾದವುಗಳ ಥ್ರೆಡ್ಡಿಗೆ ಗ್ರೀಸನ್ನೋ ಇದಕ್ಕೆಂದೇ ಸಿಗುವ ಕಚ್ಚು ನಿರೋಧಕ ಲೇಪವನ್ನೋ ಹಚ್ಚಬಹುದು. ಗ್ರೀಸು ಹಚ್ಚಿದ ನಟ್ಟು ಸುಲಭವಾಗಿ ತಿರುಗುವುದರಿಂದ ಅದೇ ಎಳೆತಕ್ಕೆ ಬೋಲ್ಟು ಹೆಚ್ಚು ಬಿಗಿಯುತ್ತದೆ ಎಂಬುದು ನೆನಪಿರಲಿ. ಚಕ್ರದ ಸ್ಟಡ್ಡುಗಳಿಗೆ ಮಾತ್ರ ಗ್ರೀಸು ಬೇಡ, ಒಣಗಿಸಿ ಶುಚಿಯಾಗಿ ಹಾಕಬೇಕು. ಆಕ್ಸಲ್ ನಟ್ಟಿಗೆ ಪ್ರತಿ ಸಲವೂ ಹೊಸ ಸ್ಪ್ಲಿಟ್ ಪಿನ್ನು. ತೂತು ಎದುರಿಗೆ ಬಾರದಿದ್ದರೆ ನಟ್ಟನ್ನು ಹಿಂದಕ್ಕೆ ಸಡಿಲಿಸಿ ಹೊಂದಿಸಬಾರದು, ಮುಂದಕ್ಕೆ ಬಿಗಿದೇ ಹೊಂದಿಸಬೇಕು. ಹೊಸ ಯು ಬೋಲ್ಟುಗಳೂ ಚಕ್ರದ ನಟ್ಟುಗಳೂ ಮೊದಲ ಕೆಲವು ದಿನದ ಓಡಾಟದಲ್ಲಿ ಕೂತುಕೊಳ್ಳುವುದರಿಂದ ಒಂದು ವಾರ ಬಿಟ್ಟು ಮತ್ತೊಮ್ಮೆ ಬಿಗಿ ನೋಡಬೇಕು.

ಪೊಟ್ಯಾಷ್ ಅಥವಾ ಮೈಲುತುತ್ತು ಹೊತ್ತ ದಿನ ಸಂಜೆ ಗಾಡಿಯ ಕೆಳಭಾಗಕ್ಕೆ ನಾಲ್ಕು ಕೊಡ ಒಳ್ಳೆಯ ನೀರು ರಾಚಿ, ಒಣಗಿದ ಮೇಲೆ ನಟ್ಟುಗಳ ತಲೆಗೆ ಬ್ರಷ್ಷಿನಿಂದ ಸ್ವಲ್ಪ ಎಣ್ಣೆ ಸವರಬೇಕು. ಬ್ರೇಕ್ ಡ್ರಮ್ಮುಗಳ ಕಡೆಗೆ ಮಾತ್ರ ಆ ಬ್ರಷ್ಷು ಹೋಗಕೂಡದು.